ಗುನಾರ್ತೊ ಬರೆದ ಮದುಮಗಳು

ಜೋಗ್ಜಾ ಪೇಟೆಯ ತೆಂಕಣ ಅಂಚಿನಲ್ಲಿರುವ ನಮ್ಮ ಓಣಿಯಲ್ಲಿ ಚಿತ್ರ ಬರೆಯುವವರಿಗೆ ಬರವಿಲ್ಲ. ಕಲ್ಲೆಸೆದರೆ ಯಾರಾದರೊಬ್ಬ ಕಲಾವಿದನ ತಲೆಗೇ ಬೀಳುತ್ತದೆ, ಅವನು ಆ ಕಲ್ಲನ್ನೂ ಒಂದು ಪ್ರದರ್ಶನಕ್ಕಿಟ್ಟು ಹೆಸರು ಮಾಡುತ್ತಾನೆ. ಅವರ ನಡುವೆ ಗುನಾರ್ತೊ ಸ್ವಲ್ಪ ಬೇರೆ. ಅವನು ಕಲಾಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅವನ ಅಪ್ಪ ರಸ್ತೆಬದಿಯ ಮೀನು ಹುರಿಯುವ ಅಂಗಡಿಗಳಿಗೆ ಬಟ್ಟೆಯ ಪರದೆ ಬರೆದುಕೊಡುತ್ತಿದ್ದ. ಪರದೆಯ ಮೇಲೆ ಉದ್ದ ಮೀಸೆಯ ಮೀನು, ಒಂದು ಹುಂಜ, ಒಂದು ಬಾತು, ಕೆಳಗೆ ಅಂಗಡಿಯ ಹೆಸರು. ಗುನಾರ್ತೊ ಮೊದಲು ಕುಂಚ ಹಿಡಿದದ್ದು ಆ ಮೀನಿನ ಮೀಸೆ ಎಳೆಯುವುದಕ್ಕೆ.

ಮೀನು ಬಿಟ್ಟು ಮನುಷ್ಯರಿಗೆ ಬಂದಮೇಲೆ ಅವನು ಬರೆದದ್ದೆಲ್ಲ ಫೋನು ಹಿಡಿದವರನ್ನೇ. ಓಣಿಯ ಗಸ್ತಿನವರು ಚಾವಡಿಯಲ್ಲಿ ಸಾಲಾಗಿ ಕೂತು ತಂತಮ್ಮ ಫೋನಿನಲ್ಲಿ ಮುಳುಗಿದ್ದಾರೆ, ಹಿಂದೆ ಕಳ್ಳ ಅವರು ಊರನ್ನು ಎಚ್ಚರಿಸಲು ಬಡಿಯುವ ಬಿದಿರುಕೊಳವೆಯನ್ನೇ ಹೊತ್ತು ಹೋಗುತ್ತಿದ್ದಾನೆ: ಅದೊಂದು ಚಿತ್ರ. ಹೆಣದ ಸುತ್ತ ನಿಂತ ನೆಂಟರು ಫೋಟೋಗೆ ಒಳ್ಳೆಯ ಬೆಳಕು ಬೀಳಲೆಂದು ಹೆಣವನ್ನೇ ಕಿಟಕಿಯ ಕಡೆ ಸರಿಸುತ್ತಿದ್ದಾರೆ: ಇನ್ನೊಂದು. ನೋಡಿದವರು ನಗುತ್ತಿದ್ದರು, ಆಮೇಲೆ ಮೆಲ್ಲಗೆ ತಮ್ಮ ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಸುಳ್ಳಿನ ಲೋಕವನ್ನು ಬಯಲು ಮಾಡುವವನು ಅಂತ ಪತ್ರಿಕೆಯವರು ಬರೆದರು. ಹೊಗಳಿಕೆ ಯಾರಿಗೆ ಬೇಡ? ಗುನಾರ್ತೊ ಅದನ್ನು ನಂಬಿದ.

ಓಣಿಯ ತುದಿಯಲ್ಲಿ ಬು ವರ್ಸಿನಿಯ ಲೊತೆಕ್ ಅಂಗಡಿ. ಲೊತೆಕ್ ಅಂದರೆ ಬೇಯಿಸಿದ ಸೊಪ್ಪು ತರಕಾರಿಯನ್ನು ಅರೆಯುವ ಕಲ್ಲಿನ ಮೇಲೇ ಹಾಕಿ, ಶೇಂಗಾ, ಬೆಲ್ಲ, ಮೆಣಸಿನಕಾಯಿಯ ಜೊತೆ ಕಲಸಿ ಎಲೆಯಲ್ಲಿ ಕಟ್ಟಿಕೊಡುವುದು. ಮೊದಲು ಆ ಅಂಗಡಿ ಇಬ್ಬರದು, ಆಕೆಯದು ಮತ್ತು ಗುನಾರ್ತೊನ ತಾಯಿಯದು. ತಾಯಿ ತೀರಿಕೊಂಡಮೇಲೆ ಅವನಿಗೆ ಹಬ್ಬಕ್ಕೆ ಕಾಲು ಹಿಡಿಯಲು ಉಳಿದ ಹಿರಿಯ ಜೀವ ಈಕೆ ಒಬ್ಬಳೇ. ಓಣಿಗೆಲ್ಲ ಆಕೆ ಬು, ಅಂದರೆ ಅಮ್ಮ. ಅವನು ಮಾತ್ರ ಆಕೆಯನ್ನು ಬುಲಿಕ್ ಎಂದು ಕರೆಯುತ್ತಾನೆ, ಚಿಕ್ಕಮ್ಮ ಅಂದ ಹಾಗೆ. ಆಕೆ ಅವನನ್ನು ಕರೆಯುವುದು ‘ಲೇ’ ಎಂದು. ನಮ್ಮಲ್ಲಿ ಅದು ಬೈಗುಳವಲ್ಲ, ಹೆತ್ತ ಮಗನಿಗೆ ಹೇಳುವ ಮಾತು. ವರ್ಸಿನಿಗೆ ಮಕ್ಕಳಿಲ್ಲ, ಗಂಡ ಸತ್ತು ಬಹಳ ವರ್ಷವಾಗಿತ್ತು.

ಆಕೆಯ ಅಣ್ಣನ ಮಗಳು ತನ್ನ ಹಳೆಯ ಫೋನನ್ನು ಆಕೆಗೆ ಕೊಟ್ಟು ಬಳಸುವುದನ್ನು ಕಲಿಸಿದಳು. ಕೆಲವು ತಿಂಗಳಲ್ಲೇ ಬು ವರ್ಸಿನಿಯ ತುಟಿಗೆ ಬಣ್ಣ ಬಂತು. ಕಲಸುವಾಗ ಹಾಡು ಗುನುಗುವುದು ಶುರುವಾಯಿತು. ಗಿರಾಕಿಗಳು ಕಣ್ಣು ಮಿಟುಕಿಸಿಕೊಂಡರು. ಒಂದು ಬೆಳಿಗ್ಗೆ ಅಂಗಡಿ ಖಾಲಿಯಿದ್ದಾಗ ಆಕೆ ಕೈ ಒರೆಸಿಕೊಂಡು ಗುನಾರ್ತೊನ ಪಕ್ಕ ಬೆಂಚಿನ ಮೇಲೆ ಕೂತು ಫೋನು ಮುಂದೆ ಹಿಡಿದಳು.

‘ಲೇ, ನಗಬಾರದು. ನಕ್ಕರೆ ಸೌಟಲ್ಲಿ ಬಾರಿಸ್ತೀನಿ.’

‘ನಗಲ್ಲ ಬುಲಿಕ್. ಏನದು?’

‘ಇವರು ಕಪ್ತಾನ ಬಾಸ್ಕೊರೊ. ಹಡಗಿನಲ್ಲಿದ್ದಾರೆ. ಹೆಂಡತಿ ತೀರಿಹೋಗಿದ್ದಾರೆ ಪಾಪ. ದಿನಾ ಮಾತಾಡ್ತೀವಿ... ಅಂದ್ರೆ ಬರೀತೀವಿ. ಮದುವೆ ಆಗ್ತೀನಿ ಅಂತಾರೆ.’ ಆಕೆ ಫೋನನ್ನು ಇನ್ನಷ್ಟು ಹತ್ತಿರ ಹಿಡಿದಳು: ‘ನಾನು ಓದಿದೋಳಲ್ಲ. ನೀನು ಮುಖ ಬರೆಯೋನು. ಈ ಮುಖ ನಿಜಾನಾ, ಸುಳ್ಳಾ? ನೀನು ಸುಳ್ಳು ಅಂದ್ರೆ ಈಗಲೇ ಅಳಿಸಿಹಾಕ್ತೀನಿ. ನಿನ್ನ ಮಾತೇ ಕೊನೆ.’

ಗುನಾರ್ತೊ ನೋಡಿದ. ಬಿಳಿ ಸಮವಸ್ತ್ರ, ಚಿನ್ನದ ಪಟ್ಟಿ, ಹಿಂದೆ ಕಡಲು. ಮುಖದ ಮೇಲಿನ ಬೆಳಕು ಎಡದಿಂದ ಬಿದ್ದಿತ್ತು, ಟೋಪಿಯ ನೆರಳೂ ಎಡಕ್ಕೇ ಚಾಚಿತ್ತು. ಕೊರಳಿನ ಬಣ್ಣ ಒಂದು, ಕೆನ್ನೆಯದು ಇನ್ನೊಂದು. ಯಾರದೋ ಮೈಗೆ ಯಾರದೋ ತಲೆ ಅಂಟಿಸಿದ್ದರು, ಅದೂ ಅವಸರದಲ್ಲಿ. ಮೀನಿನ ಮೀಸೆ ಬರೆಯುತ್ತಿದ್ದ ಕಾಲದಲ್ಲೇ ಅವನಿಗೆ ಇಷ್ಟು ಗೊತ್ತಾಗುತ್ತಿತ್ತು. ಹೇಳಲು ಬಾಯಿ ತೆರೆದು ಆಕೆಯ ಮುಖ ನೋಡಿದ, ಅಲ್ಲೇ ಕೆಟ್ಟಿತು.

ಫೋನಿನ ಬೆಳಕು ಆಕೆಯ ಗಲ್ಲದ ಕೆಳಗಿನಿಂದ ಏರಿ ಕಣ್ಣಿನವರೆಗೆ ಬಂದಿತ್ತು. ಐವತ್ತು ದಾಟಿದ ಹೆಂಗಸಿನ ಮುಖದಲ್ಲಿ ಹದಿನಾರರ ಹುಡುಗಿ ಉಸಿರು ಬಿಗಿಹಿಡಿದು ಕೂತಿದ್ದಳು. ಮುಂದಿನ ಪ್ರದರ್ಶನಕ್ಕೆ ಅವನ ಹತ್ತಿರ ಎಲ್ಲ ಚಿತ್ರಗಳೂ ಇದ್ದವು, ನಡುವಿನ ದೊಡ್ಡ ಚಿತ್ರವೊಂದಿರಲಿಲ್ಲ. ಅದು ಈಗ ಎದುರಿಗೇ ಕೂತಿತ್ತು. ನಿಜ ಹೇಳಿದರೆ ಆ ಬೆಳಕು ಆರಿಹೋಗುತ್ತದೆ.

‘ನಿಜವಾದ ಮುಖಾನೇ ಬುಲಿಕ್,’ ಅಂದ. ‘ಒಳ್ಳೆ ಮನುಷ್ಯನ ಹಾಗೆ ಕಾಣ್ತಾರೆ.’

ಆಕೆ ಅವನ ತಲೆ ನೇವರಿಸಿ ಎದ್ದಳು. ಆ ದಿನದ ಲೊತೆಕ್‌ಗೆ ಶೇಂಗಾ ಜಾಸ್ತಿ ಬಿದ್ದಿತ್ತು. ತಿನ್ನುತ್ತ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ: ಕಳೆದುಕೊಳ್ಳಲು ಆಕೆಯ ಹತ್ತಿರ ಆಸ್ತಿಯಿದೆಯೇ, ಪಾಸ್ತಿಯಿದೆಯೇ? ಮುದುಕಿಯ ನಾಲ್ಕು ದಿನದ ಸಂತೋಷ, ನಾನೇಕೆ ಕಲ್ಲು ಹಾಕಲಿ? ಮನುಷ್ಯ ತನಗೆ ಬೇಕಾದ ಸುಳ್ಳಿಗೆ ದಯೆಯ ಅಂಗಿ ತೊಡಿಸುವುದರಲ್ಲಿ ಬಹಳ ಜಾಣ.

ಅಂದಿನಿಂದ ಅವನು ದಿನಾ ಹೋಗಿ ಬೆಂಚಿನ ಮೇಲೆ ಕೂತು ಆಕೆಯ ಮುಖವನ್ನು ಕಾಗದದ ಮೇಲೆ ಗೀಚಿಕೊಳ್ಳತೊಡಗಿದ. ಕಪ್ತಾನನ ಸುದ್ದಿ ತಾನೇ ಕೇಳುತ್ತಿದ್ದ. ಕೇಳಿದಾಗಲೆಲ್ಲ ಆ ಬೆಳಕು ಬರುತ್ತಿತ್ತು.

ಆ ಬೆಂಚಿನ ಇನ್ನೊಂದು ತುದಿ ಪಾಕ್ ಕಾಸ್ದಿಯದು, ಗಂಡಸರನ್ನು ಮರ್ಯಾದೆಗೆ ನಾವು ಪಾಕ್ ಅನ್ನುತ್ತೇವೆ. ತೊಗಲುಗೊಂಬೆ ಕೆತ್ತುವವನು, ಹೆಂಡತಿ ಸತ್ತವನು, ಮಾತು ಕಡಿಮೆ. ಅಡಿಗೆ ಮಾಡಲು ಬರುತ್ತಿದ್ದರೂ ದಿನಾ ಇಲ್ಲೇ ಬಂದು ತಿನ್ನುತ್ತಿದ್ದ. ಅವನು ಯಾಕೆ ಬರುತ್ತಾನೆಂದು ಓಣಿಯ ಬೆಕ್ಕಿಗೂ ಗೊತ್ತಿತ್ತು. ಒಂದು ದಿನ ಅವನು ಮದುವೆಯಾಗೋಣವೇ ಎಂದು ಬಾಯಿಬಿಟ್ಟು ಕೇಳಿಯೇಬಿಟ್ಟ. ಬು ವರ್ಸಿನಿ ಗುನಾರ್ತೊನ ಮನೆಗೆ ಬಂದಳು.

‘ಕಾಸ್ದಿ ಕೇಳಿದ್ರು ಕಣೋ. ಒಳ್ಳೇವರೇ. ಆದ್ರೆ ನಾನು ಕಪ್ತಾನರಿಗೆ ಮಾತು ಕೊಟ್ಟಿದೀನಲ್ಲ. ಏನು ಮಾಡ್ಲಿ?’

ಚಿತ್ರ ಅರ್ಧವಾಗಿತ್ತು. ಹಿಂದಿನ ಕೋಣೆಯಲ್ಲಿ ಹಸಿ ಬಣ್ಣದ ವಾಸನೆ. ಗುನಾರ್ತೊ ನೆಲ ನೋಡುತ್ತ, ‘ನಿಮ್ಮ ಮನಸ್ಸು ಹೇಳಿದ ಹಾಗೆ ಮಾಡಿ ಬುಲಿಕ್’ ಅಂದ. ಇದು ಎರಡನೆಯ ಅವಕಾಶ, ಅದನ್ನೂ ನುಂಗಿಕೊಂಡ. ಆಕೆ ಕಾಸ್ದಿಗೆ ಆಗುವುದಿಲ್ಲ ಎಂದಳು. ಕಾಸ್ದಿ ತನ್ನ ಉಳಿಗಳನ್ನು ಕಟ್ಟಿಕೊಂಡು ವೊನೊಗಿರಿಯ ಅಕ್ಕನ ಮನೆಗೆ ಹೋದ, ಅಲ್ಲೇ ಯಾರನ್ನೋ ಮದುವೆಯಾದ ಎಂದು ಸುದ್ದಿ ಬಂತು.

ಗುನಾರ್ತೊನ ಹೆಂಡತಿ ಮುರ್ನಿ ಮದುಮಗಳಿಗೆ ಸಿಂಗಾರ ಮಾಡುವವಳು. ಹಣೆಯ ಮೇಲೆ ಕಪ್ಪು ಬಣ್ಣದಲ್ಲಿ ಪಾಯೆಸ್ ಎಂಬ ಮದುವೆಯ ಚಿತ್ತಾರ ತಿದ್ದುವ ಕೆಲಸ. ಮದುಮಗಳ ಮುಖಕ್ಕೆ ಕಳೆ ಬರಲೆಂದು ತಿದ್ದುವವಳು ಮೊದಲು ಉಪವಾಸ ಮಾಡಬೇಕು. ಈಗಿನವರು ಮಾಡುವುದಿಲ್ಲ. ಮುರ್ನಿ ಮಾಡುತ್ತಾಳೆ. ಚಿತ್ರಕ್ಕೆ ಬುಲಿಕ್‌ಗೆ ಪಾಯೆಸ್ ಬೇಕು ಎಂದು ಗುನಾರ್ತೊ ಹೇಳಿದಾಗ ಅವಳು ಕೈ ಝಾಡಿಸಿದಳು.

‘ಆಟಕ್ಕೆಲ್ಲ ತಿದ್ದಲ್ಲ ಕಣ್ರೀ. ಅದೇನು ಮೀನಿನ ಮೀಸೆ ಅಂದ್ಕೊಂಡ್ರಾ?’

‘ಆಟ ಅಲ್ಲ ಮಾರಾಯ್ತಿ. ಕಪ್ತಾನ ಬರ್ತಾನಂತಲ್ಲ, ಮದುವೆಗೆ ಮುಂಚೆ ಒಂದು ಸಲ ನೋಡಿದ ಹಾಗಾಗುತ್ತೆ.’

ಮುರ್ನಿ ನಂಬಿದಳು. ಸೋಮವಾರ, ಗುರುವಾರ ಉಪವಾಸವಿದ್ದು, ಹಣೆಯ ಮೇಲೆ ಉಸಿರು ಬಿಗಿಹಿಡಿದು ತಿದ್ದಿದಳು. ಬು ವರ್ಸಿನಿ ಕನ್ನಡಿ ನೋಡಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ‘ಮೊದಲ ಮದುವೆಗೆ ನಮ್ಮಪ್ಪನಿಗೆ ಶಕ್ತಿ ಇರಲಿಲ್ಲ, ಬರೀ ಪೌಡರ್ ಹಚ್ಚಿ ಕಳಿಸಿದ್ರು,’ ಅಂದಳು. ಮುರ್ನಿ ತನ್ನ ಹೆಗಲ ಮೇಲಿನ ಬಾಟಿಕ್ ಬಟ್ಟೆಯ ತುದಿಯಲ್ಲಿ ಕಣ್ಣೊರೆಸಿಕೊಂಡಳು. ಗುನಾರ್ತೊ ಕುಂಚ ಹಿಡಿದಿದ್ದ. ಚಿತ್ರ ಅದ್ಭುತವಾಗಿ ಬರುತ್ತಿತ್ತು, ಅವನಿಗೆ ಒಳಗೇನೋ ಚುಚ್ಚುತ್ತಲೂ ಇತ್ತು, ಆದರೂ ಕೈ ನಿಲ್ಲಲಿಲ್ಲ.

ಚಿತ್ರದಲ್ಲಿ ಬು ವರ್ಸಿನಿ ಮದುವೆಯ ಪೀಠದ ಮೇಲೆ ಕೂತಿದ್ದಾಳೆ. ಪಕ್ಕದ ಪೀಠದ ಮೇಲೆ ವರನಿಲ್ಲ, ನಿಲ್ಲಿಸಿದ ಒಂದು ಫೋನು. ನೆಂಟರಿಷ್ಟರು ಸಾಲುಗಟ್ಟಿ ಆ ಫೋನಿಗೆ ಕೈಮುಗಿಯುತ್ತಿದ್ದಾರೆ. ಮದುಮಗಳ ಮುಖಕ್ಕೆ ಬೆಳಕು ಬರುವುದು ಆ ಫೋನಿನಿಂದ ಮಾತ್ರ.

ಊರೆಲ್ಲ ಹಗಲು ಉಪವಾಸವಿರುವ ತಿಂಗಳಿಗೆ ಮುಂಚೆ ಪ್ರದರ್ಶನ ಇಟ್ಟರು. ಅದೇ ದಿನ ಸಂಜೆಯ ರೈಲಿಗೆ ಕಪ್ತಾನ ಬರುವವನಿದ್ದ. ಬು ವರ್ಸಿನಿ ಹಸಿರು ಕೆಬಾಯಾ ಕುಪ್ಪಸ ತೊಟ್ಟು, ಬುಟ್ಟಿಯಲ್ಲಿ ಸಾಲಾಕ್ ಹಣ್ಣು ತುಂಬಿಕೊಂಡು ಮಧ್ಯಾಹ್ನವೇ ತುಗು ಸ್ಟೇಷನ್ನಿಗೆ ಹೋದಳು. ‘ನಿನ್ನ ಚಿತ್ರ ನೋಡೋಕೆ ಇಬ್ಬರೂ ಒಟ್ಟಿಗೇ ಬರ್ತೀವಿ ಲೇ’ ಅಂತ ಹೇಳಿಹೋಗಿದ್ದಳು. ಗುನಾರ್ತೊ ಹೂಂಗುಟ್ಟಿದ್ದ.

ಗ್ಯಾಲರಿಯಲ್ಲಿ ಜನವೋ ಜನ. ದೊಡ್ಡ ಚಿತ್ರದ ಮುಂದೆ ನಿಂತವರು ಅಲ್ಲಾಡಲಿಲ್ಲ. ಜಕಾರ್ತಾದಿಂದ ಬಂದ ಒಬ್ಬ ಹೆಂಗಸು ಕಣ್ಣು ತುಂಬಿಕೊಂಡು ಕೇಳಿದಳು: ‘ಪಾಕ್, ಇದು ಕಲ್ಪನೆಯೋ, ನಿಜವಾಗಿ ಇಂಥವರು ಇದ್ದಾರೋ?’

‘ಇದ್ದಾರೆ. ನಮ್ಮ ಓಣಿಯಲ್ಲೇ ಇದ್ದಾರೆ. ಫೋಟೋ ನೋಡಿದ ಕ್ಷಣವೇ ನನಗೆ ಗೊತ್ತಾಯ್ತು, ಅಂಟಿಸಿದ್ದು ಅಂತ,’ ಅಂದ ಗುನಾರ್ತೊ. ಹೊಗಳಿಕೆಯ ಅಮಲಿನಲ್ಲಿ ನಾಲಿಗೆ ಜಾರಿತ್ತು.

ಹಿಂದೆ ತಟ್ಟೆ ಹಿಡಿದು ಮುರ್ನಿ ನಿಂತಿದ್ದಳು.

‘ಗೊತ್ತಿತ್ತಾ?’ ಅಂದಳು.

‘ಮುರ್ನಿ, ಇಲ್ಲಿ ಬೇಡ...’

‘ಗೊತ್ತಿದ್ದೂ ನನ್ನ ಕೈಲಿ ಪಾಯೆಸ್ ತಿದ್ದಿಸಿದ್ರಾ? ನಾನು ಹೊಟ್ಟೆ ಕಟ್ಟಿ ಕೂತಿದ್ದೆನಲ್ರೀ, ಯಾರಿಗೋಸ್ಕರ? ಆ ಟೋಪಿಗೋಸ್ಕರಾನಾ?’ ಜನ ತಿರುಗಿ ನೋಡಿದರು. ಅವಳು ತಟ್ಟೆಯನ್ನು ಅವನ ಕೈಗೆ ತುರುಕಿದಳು. ‘ಸುಳ್ಳಿನ ಮೇಲೆ ಚಿತ್ರ ಬರೀತಾರಂತೆ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ!’

ಬೈಕು ಹತ್ತಿ ಅವಳು ನೇರ ಸ್ಟೇಷನ್ನಿಗೆ ಹೋದಳು. ಬು ವರ್ಸಿನಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಇಳಿಯುವ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳಂತೆ. ಮುರ್ನಿ ಏನೂ ಹೇಳದೆ ಪಕ್ಕ ಕೂತಳಂತೆ. ಕತ್ತಲಾದಮೇಲೆ ಇಬ್ಬರೂ ಮನೆಗೆ ಬಂದರು. ಹಣ್ಣನ್ನು ಓಣಿಯ ಮಕ್ಕಳು ತಿಂದರು. ತಾನು ಕಳಿಸಿದ್ದೇನೆಂದ ಉಡುಗೊರೆಯ ಪಾರ್ಸಲ್ ಬಿಡಿಸಲು ಹಣ ಕಳಿಸು ಎಂದು ಕಪ್ತಾನ ಎಷ್ಟು ಕೇಳಿದರೂ ಆಕೆಯ ಹತ್ತಿರ ಹುಟ್ಟಲಿಲ್ಲ, ಹಾಗಾಗಿ ಮರುದಿನದಿಂದ ಫೋನಿನಲ್ಲಿ ಅವನ ಮುಖವೂ ಇಲ್ಲ, ಹೆಸರೂ ಇಲ್ಲ.

ಆ ರಾತ್ರಿ ಗುನಾರ್ತೊ ಹೆಂಡತಿಯನ್ನು ಬೇಡಿಕೊಂಡ: ‘ನೀನೇ ಮೆಲ್ಲಗೆ ಹೇಳಿಬಿಡು ಅವರಿಗೆ.’

‘ನಿಮ್ಮ ಎಂಜಲು ನಾನು ಎತ್ತಲ್ಲ,’ ಅಂದಳು ಮುರ್ನಿ. ‘ಸುಳ್ಳು ಹೇಳಿದ ಬಾಯೇ ನಿಜಾನೂ ಹೇಳಲಿ.’

ಉಪವಾಸದ ತಿಂಗಳು ಪೂರ್ತಿ ಅವನು ನಾಳೆ, ನಾಳೆ ಎಂದು ದೂಡಿದ. ಅಂಗಡಿ ಹಗಲು ಮುಚ್ಚಿತ್ತು, ಅದೇ ನೆಪವಾಯಿತು. ಬು ವರ್ಸಿನಿ ಎದುರು ಸಿಕ್ಕರೆ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡು ಇನ್ನೊಂದು ದಾರಿ ಹಿಡಿಯುತ್ತಿದ್ದ. ಆಕೆಯೋ ಬಡವಾಗಿದ್ದಳು, ತುಟಿಯ ಬಣ್ಣ ಹೋಗಿತ್ತು. ಅದರ ಮೇಲೆ ಇನ್ನೊಂದು: ಚಿತ್ರದ ಫೋಟೋ ಫೋನಿಂದ ಫೋನಿಗೆ ಹಾರಿ ಆಕೆಯ ಅಣ್ಣನ ಮಗಳಿಗೆ ಬಂದು, ಅಲ್ಲಿಂದ ಆಕೆಗೂ ಬಂತು. ಆಕೆ ಅದನ್ನು ಅಂಗೈಯಗಲದ ಪರದೆಯಲ್ಲಿ ನೋಡಿದಳು. ಮದುಮಗಳು ಕಂಡಳು, ಪಕ್ಕದ ಪೀಠದಲ್ಲಿ ಏನಿದೆಯೆಂದು ಕಾಣಲಿಲ್ಲ. ಫೋನಿನಲ್ಲಿ ತನ್ನ ಹೆಸರಿನ ಪಕ್ಕ ಅದನ್ನೇ ಹಾಕಿಕೊಂಡಳು. ಅಂದಿನಿಂದ ಅವನ ಫೋನಿಗೆ ಆಕೆಯ ಸಂದೇಶ ಬಂದಾಗಲೆಲ್ಲ, ಅವನು ಬರೆದ ಆ ಮದುಮಗಳ ಮುಖ ಮೊದಲು ಬಂದು ಎದುರಿಗೆ ನಿಲ್ಲುತ್ತಿತ್ತು.

ಉಪವಾಸದ ತಿಂಗಳು ಮುಗಿದು ಹಬ್ಬ ಬಂತು. ನಮ್ಮ ಹಬ್ಬದ ವಿಶೇಷವೆಂದರೆ ಕ್ಷಮೆ. ಮನೆಮನೆಗೆ ಹೋಗಿ ಹಿರಿಯರ ಮುಂದೆ ಮಂಡಿಯೂರಿ, ಗೊತ್ತಿದ್ದೂ ಗೊತ್ತಿಲ್ಲದೆಯೂ ಮಾಡಿದ ಎಲ್ಲ ತಪ್ಪನ್ನೂ ಮನ್ನಿಸಿ ಎಂದು ಕೇಳುವುದು. ಯಾವ ತಪ್ಪು ಎಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ತೊಳೆದುಬಿಡುವ ಈ ಏರ್ಪಾಡನ್ನು ಮಾಡಿದ ಪುಣ್ಯಾತ್ಮರು ಎಷ್ಟು ಸಂಸಾರಗಳನ್ನು ಉಳಿಸಿದ್ದಾರೋ. ಗುನಾರ್ತೊಗೂ ಅಲ್ಲೊಂದು ಬಾಗಿಲು ಕಂಡಿತು. ಹೇಳದೆಯೇ ಹೇಳಿದಂತಾಗುತ್ತದೆ, ಆಕೆ ಮನ್ನಿಸಿದರೆ ಮುಗಿಯಿತು ಎಂದುಕೊಂಡ. ಹೊಸ ಅಂಗಿ ತೊಟ್ಟು, ಮುರ್ನಿಯ ಜೊತೆ ಬು ವರ್ಸಿನಿಯ ಮನೆಗೆ ಹೋದ.

ಕುರುಕಲು ತಿಂಡಿಯ ಡಬ್ಬಿಗಳು ಸಾಲಾಗಿದ್ದವು. ಆಕೆ ಕುರ್ಚಿಯ ಮೇಲೆ ಕೂತಿದ್ದಳು. ಅವನು ಮಂಡಿಯೂರಿ, ಆಕೆಯ ಮೊಣಕಾಲಿಗೆ ಹಣೆ ಹಚ್ಚಿ, ಕಲಿತ ಮಾತನ್ನು ಹಿರಿಯರೊಡನೆ ಆಡುವ ಮರ್ಯಾದೆಯ ಭಾಷೆಯಲ್ಲಿ ಒಪ್ಪಿಸಿದ.

‘ಎಲ್ಲಾ ಮನ್ನಿಸಿದೀನಿ ಕಣೋ. ದೇವರ ಮುಂದೆ ಹೇಳ್ತಿದೀನಿ, ಏನೂ ಉಳಿಸಿಕೊಂಡಿಲ್ಲ,’ ಅಂದಳು ಬು ವರ್ಸಿನಿ, ಅವನ ತಲೆಯ ಮೇಲೆ ಕೈಯಿಟ್ಟು. ಅವನ ಎದೆ ಹಗುರವಾಯಿತು. ಏಳಲು ಹೊರಟ. ಆಕೆ ಕೈ ತೆಗೆಯಲಿಲ್ಲ.

‘ಇರು. ಈ ಮುದುಕಿಯದೂ ಒಂದು ತಪ್ಪಿದೆ. ಇದನ್ನ ಬಾಯಿಬಿಟ್ಟು ಹೇಳಲೇಬೇಕು, ಇಲ್ಲದಿದ್ರೆ ನಿದ್ದೆ ಬರಲ್ಲ. ಅವತ್ತು ಸ್ಟೇಷನ್ನಲ್ಲಿ ಕೂತಿದ್ದಾಗ ನನಗೆ ನಿನ್ನ ಮೇಲೆ ಅನುಮಾನ ಬಂತು. ಇವನಿಗೆ ಗೊತ್ತಿತ್ತೇನೋ, ಗೊತ್ತಿದ್ದೂ ನನಗೆ ಸುಳ್ಳು ಹೇಳಿದನೇನೋ ಅಂತ. ಎಂಥ ಪಾಪಿ ಯೋಚನೆ ನೋಡು! ನಿನ್ನನ್ನ ಈ ಕೈಯಲ್ಲಿ ಉಣ್ಣಿಸಿದೀನಿ. ನೀನೂ ನನ್ನ ಹಾಗೇ ಮೋಸಹೋದೆ ಪಾಪ. ನನ್ನನ್ನ ಮನ್ನಿಸಿಬಿಡಪ್ಪ.’

ಬಾಗಿಲಲ್ಲಿ ಪಕ್ಕದ ಮನೆಯವರು ತಮ್ಮ ಸರದಿಗೆ ಕಾಯುತ್ತಿದ್ದರು. ಮುರ್ನಿ ಗಂಡನ ಬೆನ್ನನ್ನೇ ದಿಟ್ಟಿಸುತ್ತಿದ್ದಳು. ಹಬ್ಬದ ದಿನ ಕೇಳಿದ ಕ್ಷಮೆಗೆ ಇರುವ ಉತ್ತರ ಒಂದೇ. ಅದು ತಾನಾಗಿ ಬಾಯಿಗೆ ಬಂತು.

‘ಇರಲಿ ಬುಲಿಕ್. ಮನ್ನಿಸಿದೀನಿ.’

ದಾರಿಯಲ್ಲಿ ಮುರ್ನಿ ಅವನಿಂದ ಒಂದು ಮಾರು ದೂರ ನಡೆದಳು. ಓಣಿಯ ತಿರುವಿನಲ್ಲಿ ನಿಂತು ತಿರುಗಿದಳು.

‘ಮನ್ನಿಸಿದ್ರಾ? ಎಂಥಾ ದೊಡ್ಡ ಮನಸ್ಸು ನಿಮ್ಮದು! ಇದನ್ನೂ ಒಂದು ಚಿತ್ರ ಬರೀರಿ. ಕದ್ದವನು ಮನೆಯವರಿಗೆ ಕ್ಷಮೆ ಕೊಡೋದು.’

ಅವನು ಬರೆಯಲಿಲ್ಲ. ಆ ವಾರವೆಲ್ಲ ಕುಂಚ ಮುಟ್ಟಲಿಲ್ಲ. ಮದುಮಗಳ ಚಿತ್ರ ಜಕಾರ್ತಾದ ಹೆಂಗಸಿನ ಮನೆಗೆ ಹೋಗಿತ್ತು. ಹಿಂದಕ್ಕೆ ತರಿಸುವ ಹಾಗಿರಲಿಲ್ಲ. ಊಟಕ್ಕೆ ಕೂತರೆ ತಲೆಯ ಮೇಲಿನ ಆ ಕೈಯ ಭಾರ ನೆನಪಾಗುತ್ತಿತ್ತು. ನಾಚಿಕೆ ಎಂದರೆ ಏನೆಂದು ಅವನಿಗೆ ಆಗ ತಿಳಿಯಿತು. ಅಲ್ಲಿಯವರೆಗೆ ಅದನ್ನು ಬೇರೆಯವರ ಮುಖದ ಮೇಲೆ ಬರೆದಿದ್ದ ಅಷ್ಟೆ.

ಹಬ್ಬ ಕಳೆದು ಲೊತೆಕ್ ಅಂಗಡಿ ಮತ್ತೆ ತೆರೆದ ಬೆಳಿಗ್ಗೆ ಅವನು ಹೋದ. ಬೇರೆ ಗಿರಾಕಿ ಬಂದಿರಲಿಲ್ಲ. ಬು ವರ್ಸಿನಿ ಶೇಂಗಾ ಅರೆಯುತ್ತಿದ್ದಳು. ಅವನು ಬೆಂಚಿನ ಮೇಲೆ ಕೂರದೆ ನಿಂತೇ ಎಲ್ಲವನ್ನೂ ಹೇಳಿದ. ಟೋಪಿಯ ನೆರಳು, ಕೊರಳಿನ ಬಣ್ಣ, ಕಾಸ್ದಿ ಕೇಳಿದ ದಿನ ತಾನು ನೆಲ ನೋಡಿದ್ದು, ಯಾಕೆ ನೋಡಿದ್ದು, ಪಕ್ಕದ ಪೀಠದಲ್ಲಿ ಬರೆದದ್ದು ಏನು, ಒಂದನ್ನೂ ಬಿಡಲಿಲ್ಲ.

ಕಲ್ಲು ನಿಂತಿತು. ಆಕೆ ಕೈ ಒರೆಸಿಕೊಂಡು ಅವನ ಕಡೆ ತಿರುಗಿದಳು.

‘ಹಬ್ಬದ ದಿನ ನನ್ನ ಕಾಲು ಹಿಡಿದೆಯಲ್ಲ, ಆಗ ಇದು ನಿನ್ನ ಮನಸ್ಸಲ್ಲಿತ್ತಾ?’

‘ಇತ್ತು.’

‘ಎಲ್ಲಾ ಮನ್ನಿಸಿದೆ ಅಂದಾಗ?’

‘ಇತ್ತು ಬುಲಿಕ್.’

‘ನಾನು ನಿನ್ನ ಹತ್ರ ಕ್ಷಮೆ ಕೇಳಿದಾಗ?’

ಅವನು ತಲೆ ಬಗ್ಗಿಸಿದ. ‘ಬಯ್ಯಿರಿ ಬುಲಿಕ್,’ ಅಂದ. ‘ಆ ಸೌಟು ತಗೊಂಡು ಹೊಡೀರಿ. ಏನಾದ್ರೂ ಮಾಡಿ.’

‘ಹೇಗೆ ಬಯ್ಯಲಿ?’ ಆಕೆಯ ದನಿ ಏರಲಿಲ್ಲ. ‘ದೇವರ ಮುಂದೆ ಮನ್ನಿಸಿದೀನಿ, ಏನೂ ಉಳಿಸಿಕೊಂಡಿಲ್ಲ ಅಂದಿದೀನಿ. ಕೊಟ್ಟ ಕ್ಷಮೆ ವಾಪಸ್ ತಗೊಳ್ಳೋಕೆ ಬರುತ್ತಾ? ಮೊದಲೇ ಹೇಳಿದ್ರೆ ನಾಲ್ಕು ಬಾರಿಸ್ತಿದ್ದೆ, ಅಳ್ತಿದ್ದೆ, ಒಂದು ವರ್ಷ ಮಾತು ಬಿಡ್ತಿದ್ದೆ. ಆಮೇಲೆ ನಾನೇ ಕರೀತಿದ್ನೋ ಏನೋ. ಆ ಕಪ್ತಾನ ನನ್ನ ಮದುವೆ ತಿಂದ ಕಣೋ. ಉಳಿದಿದ್ದು ನನ್ನ ಸಿಟ್ಟೊಂದೇ. ಅದನ್ನೂ ನೀನು ತಿಂದುಬಿಟ್ಟೆ.’

ಆಮೇಲೆ ಆಕೆ ಮತ್ತೆ ಅರೆಯತೊಡಗಿದಳು. ಸೊಪ್ಪು ಹಾಕಿದಳು, ಕಲಸಿದಳು, ಎಲೆಯಲ್ಲಿ ಕಟ್ಟಿ ಅವನ ಕೈಗಿಟ್ಟಳು. ‘ಮುರ್ನಿಗೂ ಒಂದು ಕಟ್ಟಿದೀನಿ, ಆರೋದ್ರೊಳಗೆ ಕೊಡು,’ ಅಂದಳು.

ಇದೆಲ್ಲ ಆಗಿ ಈಗ ಇನ್ನೊಂದು ಹಬ್ಬ ಹತ್ತಿರ ಬಂದಿದೆ. ಗುನಾರ್ತೊ ಮೀನಿನಂಗಡಿಯ ಪರದೆಗಳನ್ನು ಬರೆದು ಜೀವನ ಮಾಡುತ್ತಾನೆ, ದೊಡ್ಡ ಚಿತ್ರ ಕೇಳಿಕೊಂಡು ಬಂದವರಿಗೆ ಕೈ ಬರುತ್ತಿಲ್ಲ ಎನ್ನುತ್ತಾನೆ. ಬೆಳಗಾದರೆ ಲೊತೆಕ್ ಅಂಗಡಿಗೆ ಹೋಗಿ ಕೂರುತ್ತಾನೆ. ಇವತ್ತಾದರೂ ಬಯ್ದಾಳು, ಒಂದು ಕೆಟ್ಟ ಮಾತಾದರೂ ಆಡಿಯಾಳು ಎಂದು ಕಾಯುತ್ತಾನೆ. ಬು ವರ್ಸಿನಿ ಮಾತ್ರ ದಿನವೂ ಅವನನ್ನು ಚೆನ್ನಾಗಿಯೇ ಮಾತಾಡಿಸುತ್ತಾಳೆ.